ಹಳೆ ಓಣಿಯಲ್ಲಿ ಹೊಸ ಮನೆ ಕೊಳ್ಳುವವರಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪಟ್ಟಣಗಳ ಹಳೆ ಓಣಿಗಳು ಬದಲಾಗುತ್ತಿವೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲ್ಮುದ್ದೆಯ ಮಾಳಿಗೆ, ಪಡಸಾಲೆ, ದನದ ಕೊಟ್ಟಿಗೆ ಎಲ್ಲವೂ ಇದ್ದ ದೊಡ್ಡ ಮನೆ ಅಣ್ಣತಮ್ಮಂದಿರಲ್ಲಿ ಹಂಚಿಹೋಗುತ್ತದೆ. ಪುಣೆಯಲ್ಲೋ ಗೋವಾದಲ್ಲೋ ದುಡಿಯುವ ತಮ್ಮ ತನ್ನ ಪಾಲು ಮಾರುತ್ತಾನೆ. ಕೊಂಡವರು ಹಳೆಯದನ್ನು ಕೆಡವಿ ಐದಾರು ನೂರು ಚದರಡಿಯಲ್ಲಿ ಕಾಲಮ್ಮು ಎಬ್ಬಿಸಿ, ಸ್ಲ್ಯಾಬ್ ಹಾಕಿ, ಟೈಲ್ಸ್ ಕೂಡಿಸಿ ಒಂದು ಮನೆ ಕಟ್ಟುತ್ತಾರೆ. ನಾಲ್ಕೈದು ವರ್ಷಕ್ಕೆ ಅದು ಮತ್ತೆ ಮಾರಾಟಕ್ಕೆ ಬರುತ್ತದೆ. ಮಕ್ಕಳ ಶಾಲೆಗಾಗಿ ಹಳ್ಳಿಯಿಂದ ಬರುವ ರೈತರು, ಮೇಷ್ಟ್ರುಗಳು, ಬಸ್ ಡಿಪೋದ ನೌಕರರು, ಬಜಾರಿನ ಸಣ್ಣ ಅಂಗಡಿಯವರು ಇಂಥ ಮನೆಯನ್ನೇ ಹುಡುಕುತ್ತಾರೆ. ಊರ ಹೊರಗಿನ ಪ್ಲಾಟಿಗಿಂತ ಇಲ್ಲಿ ನೀರು, ಸಂತೆ, ದವಾಖಾನೆ, ಬಸ್‌ಸ್ಟ್ಯಾಂಡ್ ಹತ್ತಿರ. ನೆರೆಹೊರೆಯವರು ಇದ್ದಾರೆ. ಕಟ್ಟುವ ತಾಪತ್ರಯವೂ ಇಲ್ಲ.

ಈ ಆಯ್ಕೆ ತಪ್ಪಲ್ಲ. ಸಾಧಾರಣ ವರಮಾನದ ಕುಟುಂಬಕ್ಕೆ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಕೊಳ್ಳುವವರು ಹೆಚ್ಚಾಗಿ ನೋಡುವುದು ಟೈಲ್ಸು, ಬಣ್ಣ, ಅಡುಗೆಮನೆಯ ಕಟ್ಟೆ. ಇಂಥ ಮನೆಯಲ್ಲಿ ಹೊಸದಾಗಿರುವುದು ನೆಲದ ಮೇಲಿನ ಭಾಗ ಮಾತ್ರ. ಕೆಳಗಿನ ಜಾಗ ನೂರಾರು ವರ್ಷ ಹಳೆಯದು, ಅದರ ಕಾಗದಪತ್ರ ನಾಲ್ಕು ತಲೆಮಾರಿನದು. ಕೆಡವಿದ ಮನೆಯ ಪಾಲುದಾರರೂ ಅದರಡಿಯ ಮಣ್ಣೂ ಹೊಸ ಮನೆಯ ಜೊತೆಗೇ ನಿಮ್ಮ ಪಾಲಿಗೆ ಬರುತ್ತಾರೆ. ಪರೀಕ್ಷೆ ಅಲ್ಲಿಂದಲೇ ಶುರುವಾಗಬೇಕು.

ಗಾವಠಾಣವೋ, ಗುಂಟಾ ಪ್ಲಾಟೋ

ಮೊದಲು ತಿಳಿಯಬೇಕಾದದ್ದು ಜಾಗ ಯಾವ ಬಗೆಯದು ಎಂಬುದು. ನಮ್ಮ ವಿಜಯಪುರ ಜಿಲ್ಲೆ ಹಿಂದೆ ಮುಂಬೈ ಪ್ರಾಂತ್ಯದಲ್ಲಿತ್ತು. ಆಗಿನ ಭೂಮಾಪನದಲ್ಲಿ ಜನವಸತಿ ಇದ್ದ ಜಾಗವನ್ನು ಗಾವಠಾಣ ಎಂದು ಗುರುತಿಸಿ ಹೊಲಗಳ ಸರ್ವೆ ನಂಬರುಗಳಿಂದ ಬೇರೆ ಇಟ್ಟರು. ಹಳೆ ಓಣಿಗಳು ಬಹುಪಾಲು ಗಾವಠಾಣದೊಳಗೇ ಇವೆ. ಅಲ್ಲಿನ ಜಾಗ ಎಂದೂ ಹೊಲವಾಗಿರಲಿಲ್ಲ, ಆದ್ದರಿಂದ ಅದಕ್ಕೆ ಎನ್‌ಎ (ಕೃಷಿಯೇತರ) ಆದೇಶ ಕೇಳುವ ಪ್ರಶ್ನೆಯೇ ಬರುವುದಿಲ್ಲ, ಲೇಔಟ್ ನಕ್ಷೆಯೂ ಇರುವುದಿಲ್ಲ. "ಎನ್‌ಎ ಇಲ್ಲರೀ" ಎಂದು ಮಾರುವವರು ಹೇಳಿದರೆ ಗಾಬರಿಯಾಗಬೇಡಿ. ಬದಲಿಗೆ ಜಾಗ ಗಾವಠಾಣದೊಳಗಿದೆ ಎಂಬುದಕ್ಕೆ ದಾಖಲೆ ಕೇಳಿ. ಪಟ್ಟಣದ ಯಾವ ಭಾಗಕ್ಕೆ ಸಿಟಿ ಸರ್ವೆ ಆಗಿದೆಯೋ ಅಲ್ಲಿ ಪ್ರತಿ ಆಸ್ತಿಗೂ ಸಿ.ಟಿ.ಎಸ್. ನಂಬರ್ ಮತ್ತು ಪ್ರಾಪರ್ಟಿ ಕಾರ್ಡ್ ಇರುತ್ತದೆ. ಮಾಲೀಕರ ಹೆಸರು, ಕ್ಷೇತ್ರ, ಹಕ್ಕು ಒಬ್ಬರಿಂದ ಒಬ್ಬರಿಗೆ ಬಂದ ಬಗೆ ಅದರಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತವೆ. ಸಿಟಿ ಸರ್ವೆ ಆಗದ ಕಡೆ ಪುರಸಭೆಯ ಹಳೆಯ ಆಸ್ತಿ ರಜಿಸ್ಟರಿನ ಉತಾರವೇ ಆಧಾರ.

ಹಳೆ ಓಣಿಯ ಅಂಚಿನಲ್ಲಿ, ಒಂದು ಕಾಲಕ್ಕೆ ಊರ ಹೊರಗಿದ್ದು ಈಗ ಊರೊಳಗೆ ಸೇರಿದ ಜಾಗಗಳ ಕಥೆ ಬೇರೆ. ಹೊಲವನ್ನು ಗುಂಟೆಗಟ್ಟಲೆ ಕತ್ತರಿಸಿ ಬಾಂಡ್ ಪೇಪರಿನ ಮೇಲೆ ಮಾರಿದ ಗುಂಟಾ ಪ್ಲಾಟುಗಳು ಅಲ್ಲಿವೆ. ಒಂದು ಗುಂಟೆ ಅಂದರೆ 1,089 ಚದರಡಿ. ಎರಡು ಸಣ್ಣ ಮನೆಗೆ ಸರಿಹೋಗುತ್ತದೆ, ಹಾಗಾಗಿಯೇ ಅದು ಚಲಾವಣೆಗೆ ಬಂತು. ಆ ಜಾಗ ಪಹಣಿಯಲ್ಲಿ ಇನ್ನೂ ಹೊಲವೇ ಆಗಿದ್ದರೆ ಮೇಲಿನ ಮನೆ ಎಷ್ಟೇ ಚೆಂದವಿದ್ದರೂ ಮುಂದೆ ಸಾಲ, ನೋಂದಣಿ, ಮಾರಾಟ ಎಲ್ಲದಕ್ಕೂ ತೊಡಕು. ಪಹಣಿ ಇರುವ ಜಾಗವಾದರೆ 11ನೇ ಕಾಲಂ ಓದದೆ ಬಿಡಬೇಡಿ. ಸಾಲದ ಬೋಜಾ, ಇತರರ ಹಕ್ಕು ಎಲ್ಲ ಅಲ್ಲೇ ದಾಖಲಾಗುತ್ತವೆ. 2024ರ ಅಕ್ಟೋಬರಿನಲ್ಲಿ ಇಂಡಿ ತಾಲ್ಲೂಕಿನ ಕೆಲವು ಪಹಣಿಗಳ ಅದೇ ಕಾಲಂನಲ್ಲಿ ವಕ್ಫ್ ನಮೂದು ಕಾಣಿಸಿಕೊಂಡು ರೈತರು ಬೀದಿಗಿಳಿದರು. ಮುಂದಿನ ತಿಂಗಳು ರೈತರಿಗೆ ಕೊಟ್ಟಿದ್ದ ನೋಟಿಸುಗಳನ್ನು ಹಿಂಪಡೆಯಲು ಸರ್ಕಾರ ಸೂಚಿಸಿತು. ಅದರ ರಾಜಕೀಯ ಇಲ್ಲಿ ಬೇಡ. ಕೊಳ್ಳುವವರು ತಿಳಿಯಬೇಕಾದದ್ದು ಇಷ್ಟು: ಹೋದ ವರ್ಷ ತೆಗೆಸಿದ ಉತಾರ ಈ ವರ್ಷಕ್ಕೆ ಸಾಲದು. ಮಠ, ದೇವಸ್ಥಾನ, ದರ್ಗಾ, ಮಸೀದಿಗೆ ಹೊಂದಿಕೊಂಡ ಓಣಿಯಾದರೆ ಮೂಲತಃ ಜಾಗ ಯಾರದಿತ್ತು ಎಂದು ವಿಚಾರಿಸುವುದು ಇನ್ನೂ ಅಗತ್ಯ.

ಇ-ಖಾತಾ ಮತ್ತು ಖರೀದಿ ಪತ್ರ

2024ರ ಅಕ್ಟೋಬರಿನಿಂದ ರಾಜ್ಯದ ಪಟ್ಟಣಗಳಲ್ಲಿ ಇ-ಖಾತಾ ಇಲ್ಲದೆ ಮನೆ, ಪ್ಲಾಟುಗಳ ನೋಂದಣಿ ಇಲ್ಲ. ಪುರಸಭೆ ಇ-ಆಸ್ತಿ ತಂತ್ರಾಂಶದಿಂದ ಕೊಡುವ ನಮೂನೆ-3 ಅಂದರೆ ಇದೇ. ಇದನ್ನು ಕೈಯಲ್ಲಿ ಹಿಡಿದು ಮೂರು ಸಂಗತಿ ತಾಳೆ ನೋಡಿ. ಮಾರುವವರ ಹೆಸರು ಆಧಾರಿನಲ್ಲಿರುವಂತೆಯೇ ಇದೆಯೇ? ಉದ್ದ ಅಗಲ ಟೇಪ್ ಹಿಡಿದು ಅಳೆದಷ್ಟೇ ಇದೆಯೇ? ನಾಲ್ಕು ದಿಕ್ಕಿನ ಚೆಕ್ಕುಬಂದಿ ಇಂದಿನ ನೆರೆಯವರಿಗೆ ಹೊಂದುತ್ತದೆಯೇ? ಹಳೆ ಪತ್ರಗಳಲ್ಲಿ ಅಳತೆ ಖಣದಲ್ಲೋ ಮೊಳದಲ್ಲೋ ಇರುತ್ತದೆ, ಚೆಕ್ಕುಬಂದಿಯಲ್ಲಿ ತೀರಿಹೋದ ಅಜ್ಜಂದಿರ ಹೆಸರಿರುತ್ತದೆ. ಅಂಥ ಕಡೆ ಸರ್ಕಾರಿ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿದರೆ ಒಂದೂವರೆ ಅಡಿ ಗೋಡೆಗಾಗಿ ಆಗುವ ಜಗಳ ತಪ್ಪುತ್ತದೆ.

ಎ-ಖಾತಾ, ಬಿ-ಖಾತಾ ಎಂಬ ಮಾತು ಈಗ ನಮ್ಮ ಕಡೆಗೂ ಬಂದಿದೆ. ಅನುಮೋದನೆ ಇಲ್ಲದ ಆಸ್ತಿಗಳನ್ನು ತೆರಿಗೆ ವ್ಯಾಪ್ತಿಗೆ ತರಲು 2025ರ ಫೆಬ್ರುವರಿಯಿಂದ ಪಟ್ಟಣಗಳಲ್ಲಿ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು. ಬಿ-ಖಾತಾ ಸಿಕ್ಕಿತೆಂದರೆ ಮನೆ ಸಕ್ರಮವಾಯಿತು ಎಂದಲ್ಲ, ತೆರಿಗೆ ಕಟ್ಟಲು ಒಂದು ಲೆಕ್ಕ ತೆರೆಯಿತು ಎಂದಷ್ಟೇ. ಅನೇಕ ಬ್ಯಾಂಕುಗಳು ಅದರ ಮೇಲೆ ಗೃಹಸಾಲ ಕೊಡಲು ಹಿಂಜರಿಯುತ್ತವೆ. ಗಾವಠಾಣದ ಮನೆಗೆ ಬಿ-ಖಾತಾ ಇದ್ದರೆ ಯಾಕೆ ಹಾಗಾಯಿತೆಂದು ಪುರಸಭೆಯಲ್ಲಿ ಕೇಳಿ.

ಖಾತಾ ಹಕ್ಕಿನ ಪತ್ರವೂ ಅಲ್ಲ. ಹಕ್ಕು ಕೊಡುವುದು ನೋಂದಾಯಿತ ಖರೀದಿ ಪತ್ರ, ವಾಟಣಿ ಪತ್ರ, ದಾನಪತ್ರ, ಮೃತ್ಯುಪತ್ರದಂಥವು ಅಥವಾ ವಾರಸಾ ಹಕ್ಕು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗಲೇಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ನೋಟರಿ ಮುಂದೆ ಬರೆದ ಬಾಂಡು, ಮುಖ್ತ್ಯಾರ ಪತ್ರ ಇವುಗಳಿಂದ ಮಾಲೀಕತ್ವ ಬರುವುದಿಲ್ಲ. ನೋಂದಾಯಿತ ಖರೀದಿ ಪತ್ರವಿಲ್ಲದೆ ಬರೀ ಮುಖ್ತ್ಯಾರ ಪತ್ರದ ಮೇಲೆ ಮಾಡಿದ ಮಾರಾಟ ಮಾರಾಟವೇ ಅಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ವಾಟಣಿ ಮತ್ತು ಅಕ್ಕತಂಗಿಯರ ಸಹಿ

ಹಳೆ ಓಣಿಯ ವ್ಯವಹಾರಗಳು ಹೆಚ್ಚು ಕೆಡುವುದು ಇಲ್ಲಿ. ನಮ್ಮಲ್ಲಿ ಮನೆ ಪಾಲಾಗುವುದು ಹಿರಿಯರ ಮುಂದೆ, ಬಾಯಿಮಾತಿನಲ್ಲಿ. ಬಹಳವಾದರೆ ಒಂದು ಬಾಂಡಿನ ಮೇಲೆ ಪಂಚರ ಸಹಿ. ಆಮೇಲೆ ತಮ್ಮ ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡು ಮಾರುತ್ತಾನೆ. ಕೊಂಡವರು ಮನೆ ಕಟ್ಟಿ ನಿಮಗೆ ಮಾರುತ್ತಾರೆ. ನಿಮ್ಮ ಪತ್ರ ನೋಂದಾಯಿತ, ನಿಮ್ಮ ಖಾತಾ ಸರಿ. ಆದರೆ ಮೂರು ಹೆಜ್ಜೆ ಹಿಂದೆ, ಆ ವಾಟಣಿಯಲ್ಲಿ ಅಕ್ಕತಂಗಿಯರ ಹೆಸರೇ ಇರುವುದಿಲ್ಲ.

ಕಾನೂನು ಅವರ ಪರವಾಗಿದೆ, ಹಾಗಿರುವುದೇ ನ್ಯಾಯ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿತ್ತು. ಹಿಂದೂ ವಾರಸಾ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಬಂದ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಅದನ್ನು ಕೊಟ್ಟಿತು. ತಂದೆ ಆ ದಿನ ಬದುಕಿರಬೇಕು ಎಂಬ ಷರತ್ತಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಮುಗಿದ ವಾಟಣಿ, ಮಾರಾಟಗಳನ್ನು ಮಾತ್ರ ತಿದ್ದುಪಡಿ ಮುಟ್ಟುವುದಿಲ್ಲ. ಆದರೆ ಬಾಯಿಮಾತಿನ ವಾಟಣಿ ಆ ದಿನಾಂಕಕ್ಕೆ ಮೊದಲೇ ಆಗಿತ್ತು ಎಂದು ಈಗ ಸಾಬೀತು ಮಾಡುವುದು ಕಷ್ಟ. ಲಿಂಗಾಯತ ಕುಟುಂಬಗಳಿಗೂ ಹಿಂದೂ ವಾರಸಾ ಕಾಯ್ದೆಯೇ ಅನ್ವಯ. ಮುಸ್ಲಿಂ ಕುಟುಂಬದ ಮನೆಯಾದರೆ ಯಜಮಾನ ತೀರಿಕೊಂಡ ಕ್ಷಣವೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಧರ್ಮಶಾಸ್ತ್ರದಂತೆ ನಿಗದಿಯಾದ ಪಾಲು ಸಲ್ಲುತ್ತದೆ. ಬಾಯಿಮಾತಿನ ಹಿಬಾ ಆಗಿದೆ ಎಂದು ಯಾರಾದರೂ ಹೇಳಿದರೆ ಅದಕ್ಕೂ ಉಳಿದ ವಾರಸುದಾರರ ಒಪ್ಪಿಗೆ ಬರಹದಲ್ಲಿರಲಿ.

ಆದ್ದರಿಂದ ಹಿಂದಿನ ಪತ್ರಗಳನ್ನು ನೋಡುವಾಗ ವಂಶಾವಳಿ ಪಕ್ಕದಲ್ಲಿಟ್ಟುಕೊಳ್ಳಿ. ಅಜ್ಜನಿಂದ ಕೆಳಕ್ಕೆ ಪ್ರತಿಯೊಬ್ಬರೂ, ತೀರಿಹೋದ ಮಗಳ ಮಕ್ಕಳೂ ಸಹ, ಒಂದೋ ಖರೀದಿ ಪತ್ರಕ್ಕೆ ಸಹಿ ಹಾಕಿರಬೇಕು ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಕೊಟ್ಟಿರಬೇಕು. ಒಬ್ಬರ ಸಹಿ ಇಲ್ಲದಿದ್ದರೆ ಈಗ ಮಾಡಿಸಿಕೊಡಿ ಎಂದು ಮಾರುವವರನ್ನು ಕೇಳಿ. "ಅಕ್ಕಾರು ಏನೂ ಅನ್ನಂಗಿಲ್ಲರೀ, ಬಂಗಾರದಂಥಾಕಿ" ಎಂಬ ಉತ್ತರ ಬರುತ್ತದೆ. ಆ ಮಾತು ನಿಜವೇ ಇರಬಹುದು. ಹಾಗಿದ್ದರೆ ಅವರು ಒಂದು ದಿನ ಬಂದು ಸಹಿ ಹಾಕಲು ಅಡ್ಡಿಯೇನಿಲ್ಲ. ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಅಪ್ರಾಪ್ತ ಮಕ್ಕಳ ಪಾಲು ಇದ್ದರೆ ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರಲ್ಲಿ ಕೇಳಿಯೇ ಮುಂದುವರಿಯಿರಿ.

ಇದರ ಜೊತೆಗೆ ಋಣಭಾರ ಪತ್ರ ತೆಗೆಸಬೇಕು. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಆ ಊರಿನ ಉಪನೋಂದಣಿ ಕಚೇರಿಗೇ ಅರ್ಜಿ ಕೊಡಬೇಕು. ಕನಿಷ್ಠ 30 ವರ್ಷದ್ದು ತೆಗೆಸಿ. ಅದರಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ಪತ್ತಿನ ಸಹಕಾರಿ ಸಂಘದಲ್ಲಿ ಮೂಲ ಪತ್ರ ಇಟ್ಟು ತಂದ ಸಾಲ ಅದರಲ್ಲಿ ಕಾಣದಿರಬಹುದು. ಅದಕ್ಕೇ ಮೂಲ ಪತ್ರಗಳನ್ನು ಕಣ್ಣಾರೆ ನೋಡಬೇಕು, ಜೆರಾಕ್ಸಿಗೆ ಒಪ್ಪಬಾರದು. "ಮೂಲ ಪತ್ರ ಕಳದೈತಿ" ಎಂದರೆ ಅಲ್ಲಿಗೇ ನಿಲ್ಲಿ. ನಾಲ್ಕೂ ಪಟ್ಟಣಗಳಲ್ಲಿ ಸಿವಿಲ್ ನ್ಯಾಯಾಲಯಗಳಿವೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ, ಅವರ ಹಿಂದಿನವರ ಹೆಸರು ಹಾಕಿದರೆ ಪಾಲಿನ ದಾವೆ ಇದೆಯೇ ಎಂದು ಗೊತ್ತಾಗುತ್ತದೆ. ವಕೀಲರ ಮೂಲಕ ಜಿಲ್ಲೆಯ ಪತ್ರಿಕೆಯಲ್ಲಿ ಜಾಹೀರ ನೋಟೀಸು ಕೊಡಿಸುವ ರೂಢಿಯೂ ಒಳ್ಳೆಯದೇ. ಸುಮ್ಮನಿದ್ದ ಪಾಲುದಾರರು ಅದನ್ನು ಓದಿ ಮುಂದೆ ಬರುತ್ತಾರೆ, ಖರೀದಿಗೆ ಮುಂಚೆಯೇ.

ನೆಲದಡಿಯ ಹಗೇವು, ಎರೆ ಮಣ್ಣು

ಎಂಜಿನಿಯರನ್ನು ಕರೆದೊಯ್ದರೂ ಕೇಳದೆ ತಿಳಿಯದ ಒಂದು ಸಂಗತಿ ಹಗೇವು. ಜೋಳದ ನಾಡು ನಮ್ಮದು. ಗೋದಾಮು, ಚೀಲಗಳ ಕಾಲಕ್ಕೆ ಮುಂಚೆ ಜೋಳವನ್ನು ನೆಲದಡಿ ತೋಡಿದ ಹಗೇವಿನಲ್ಲಿ ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮೇಲೆ ಕಾಣುವುದು ಸಣ್ಣ ಬಾಯಿ, ಒಳಗೆ ಆಳುದ್ದದ ಗುಮ್ಮಟದಂಥ ಪೊಳ್ಳು. ಹಿತ್ತಲಲ್ಲಿ, ಮನೆ ಮುಂದಿನ ಬಯಲಲ್ಲಿ, ಕೆಲವೆಡೆ ಪಡಸಾಲೆಯೊಳಗೇ ಹಗೇವು ಇರುತ್ತಿತ್ತು. ಬಳಕೆ ತಪ್ಪಿದ ಮೇಲೆ ಅದಕ್ಕೆ ಕಸ, ಬೂದಿ, ಕೆಡವಿದ ಗೋಡೆಯ ಮಣ್ಣು ತುಂಬಿದರು. ಕೆಲವನ್ನು ಹಾಗೆಯೇ ಫರಸಿ ಮುಚ್ಚಿ ಬಿಟ್ಟರು. ಅಂಥ ಜಾಗದ ಮೇಲೆ ಕಾಲಮ್ ನಿಂತರೆ ಮೊದಲೆರಡು ವರ್ಷ ಏನೂ ಆಗುವುದಿಲ್ಲ. ಒಂದು ದೊಡ್ಡ ಮಳೆಗೆ ನೀರು ಇಳಿದು ತುಂಬಿದ ಮಣ್ಣು ಕುಸಿದಾಗ ಆ ಮೂಲೆ ಕೂರುತ್ತದೆ. ಮುಚ್ಚಿದ ಹಳೆ ಬಾವಿಗೂ ಇದೇ ಮಾತು.

ಇದನ್ನು ಹೇಳಬಲ್ಲವರು ಓಣಿಯ ಹಿರಿಯರು ಮಾತ್ರ. ಎದುರು ಮನೆಯ ಕಟ್ಟೆಯ ಮೇಲೆ ಕುಳಿತ ಅಜ್ಜನನ್ನು ಕೇಳಿ: "ಯಜ್ಜಾ, ಈ ಜಾಗಾದಾಗ ಮದಲ ಏನಿತ್ರಿ? ಹಗೇವು, ಬಾವಿ ಏನರ ಇದ್ವೇನ್ರಿ?" ಅಜ್ಜಿಯಂದಿರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಹಗೇವಿನಿಂದ ಕಾಳು ತೆಗೆದು ಒಣಗಿಸಿದವರು ಅವರೇ. ಹಗೇವು ಇತ್ತು ಎಂದು ತಿಳಿದರೆ ಮನೆ ಬಿಡಬೇಕೆಂದಿಲ್ಲ. ಬುನಾದಿ ಅಗೆಯುವಾಗ ಅದನ್ನು ಪೂರ್ತಿ ತೆರೆದು, ಗರಸು ತುಂಬಿ ಧಮ್ಮಸ್ಸು ಮಾಡಿದರೇ, ಕಾಲಮ್ ಅದನ್ನು ದಾಟಿ ಗಟ್ಟಿ ನೆಲ ಮುಟ್ಟಿದೆಯೇ ಎಂದು ಕಟ್ಟಿದ ಮೇಸ್ತ್ರಿಯನ್ನೇ ಹುಡುಕಿ ಕೇಳಿ. ಸಣ್ಣ ಊರಿನಲ್ಲಿ ಮೇಸ್ತ್ರಿ ಸಿಗುವುದು ಕಷ್ಟವಲ್ಲ.

ಎರಡನೆಯದು ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಬುನಾದಿ ಈ ಪದರದಲ್ಲೇ ನಿಂತಿದ್ದರೆ ಮನೆ ವರ್ಷಕ್ಕೊಮ್ಮೆ ಮೇಲೆದ್ದು ಕೆಳಗಿಳಿಯುತ್ತದೆ. ಗರಸು ಅಥವಾ ಕಲ್ಲು ಸಿಗುವವರೆಗೆ ಅಗೆದು ಕೂರಿಸಿದ ಕಾಲಮ್ಮಿಗೆ ಈ ಕಾಟ ಕಡಿಮೆ. ಒಂದೇ ಊರಿನಲ್ಲಿ ಒಂದು ಓಣಿಗೆ ಮೂರಡಿಗೆ ಕಲ್ಲು ಸಿಕ್ಕರೆ ಇನ್ನೊಂದಕ್ಕೆ ಹತ್ತಡಿ ಹೋದರೂ ಸಿಗದು. ಆದ್ದರಿಂದ ಪಕ್ಕದಲ್ಲಿ ಎಲ್ಲಾದರೂ ಬುನಾದಿ ತೋಡುತ್ತಿದ್ದರೆ ಹೋಗಿ ನೋಡಿ, ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಿರುಕು ಓದುವುದನ್ನು ಯಾರಾದರೂ ಕಲಿಯಬಹುದು. ಗಿಲಾವದ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಗೆರೆಗಳು ಕ್ಯೂರಿಂಗ್ ಸಾಲದ್ದಕ್ಕೆ ಆದವು, ಅಪಾಯವಿಲ್ಲ. ಕಿಟಕಿ-ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು ಮೇಲೆ ಹೋದಂತೆ ಅಗಲವಾಗುವ ಬಿರುಕು ಬುನಾದಿ ಕೂತದ್ದರ ಗುರುತು. ಅದು ಗೋಡೆಯ ಹೊರಮೈಯಲ್ಲೂ ಅದೇ ಜಾಗದಲ್ಲಿ ಕಂಡರೆ ಖಾತ್ರಿ. ಬಾಗಿಲು ಚೌಕಟ್ಟಿಗೆ ಉಜ್ಜುವುದು, ನೆಲಕ್ಕೂ ಗೋಡೆಗೂ ನಡುವೆ ಬಿಟ್ಟ ಸಂದಿ, ತಟ್ಟಿದರೆ ಡೊಳ್ಳೆನ್ನುವ ಟೈಲ್ಸು ಇವನ್ನೂ ನೋಡಿ. ಮಾರಾಟಕ್ಕೆ ಮುಂಚೆ ಹೊಸದಾಗಿ ಬಣ್ಣ ಹೊಡೆದ ಒಂದೇ ಗೋಡೆ ಇದ್ದರೆ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಮನೆಯನ್ನು ಬೇಸಿಗೆಯಲ್ಲೊಮ್ಮೆ, ಮಳೆ ಬಿದ್ದ ಮರುದಿನ ಇನ್ನೊಮ್ಮೆ ನೋಡಲು ಸಾಧ್ಯವಾದರೆ ಅರ್ಧ ಪರೀಕ್ಷೆ ಮುಗಿದಂತೆ.

ಕಾಂಕ್ರೀಟಿಗೆ ಬಳಸಿದ ನೀರು, ಉಸುಕು ಕೂಡ ಇಲ್ಲಿ ಮುಖ್ಯ. ನಮ್ಮ ಕಡೆ ಅನೇಕ ಬೋರುಗಳ ನೀರು ಸವುಳು. ಡೋಣಿ ಹೊಳೆಯ ನೀರಿನ ಸವುಳು ಎಲ್ಲರಿಗೂ ಗೊತ್ತು. ಉಪ್ಪು ಸೇರಿದ ಕಾಂಕ್ರೀಟಿನೊಳಗೆ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಸ್ಲ್ಯಾಬಿನ ಕೆಳಗಿನ ಪದರ ಉದುರುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಎದ್ದಿದೆಯೇ, ಸ್ಲ್ಯಾಬಿನ ಅಡಿ ಸರಳಿನ ಗುಂಟ ಕಂದು ಗೆರೆ ಇದೆಯೇ ನೋಡಿ. ಐದು ವರ್ಷದ ಮನೆಯಲ್ಲೇ ಇದು ಕಂಡರೆ ಇಪ್ಪತ್ತು ವರ್ಷಕ್ಕೆ ಆ ಮನೆ ಉಳಿಯುವುದು ಅನುಮಾನ, ಬೆಲೆ ಎಷ್ಟು ಇಳಿದರೂ ಕೊಳ್ಳಬೇಡಿ.

ಭೂಕಂಪದ ಮಾತನ್ನೂ ಹೇಳಿಬಿಡುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಸಾವಿರಾರು ಜನ ಸತ್ತದ್ದು ಕಲ್ಲು-ಮಣ್ಣಿನ ಗೋಡೆ, ಭಾರದ ಮಣ್ಣಿನ ಮಾಳಿಗೆ ಮೈಮೇಲೆ ಬಿದ್ದು. 2021, 2022ರಲ್ಲಿ ನಮ್ಮ ಜಿಲ್ಲೆಯಲ್ಲೂ ನೆಲ ಮೇಲಿಂದ ಮೇಲೆ ಸಣ್ಣಗೆ ನಡುಗಿತು. ಕಾಲಮ್, ಬೀಮ್ ಇರುವ ಹೊಸ ಮನೆ ಈ ದೃಷ್ಟಿಯಿಂದ ಮೇಲು. ಆದರೆ ಒಂದು ಕಡೆಯ ಗೋಡೆ ಪಕ್ಕದವರ ಹಳೆ ಮಣ್ಣಿನ ಗೋಡೆಗೆ ಅಂಟಿಕೊಂಡಿದ್ದರೆ, ಅಥವಾ ಖರ್ಚು ಉಳಿಸಲು ಸ್ಲ್ಯಾಬನ್ನು ಆ ಸಾಮಾಯಿಕ ಗೋಡೆಯ ಮೇಲೇ ಊರಿದ್ದರೆ, ಆ ಗೋಡೆಯ ಬಲವೇ ನಿಮ್ಮ ಮನೆಯ ಬಲ. ಪಕ್ಕದವರು ನಾಳೆ ತಮ್ಮ ಮನೆ ಕೆಡವಿದರೆ ಏನಾಗುತ್ತದೆ ಎಂದು ಯೋಚಿಸಿ. ನಾಲ್ಕೂ ಕಡೆ ಸ್ವಂತ ಕಾಲಮ್ ಇರುವ ಮನೆಯನ್ನೇ ಆರಿಸಿ.

ಕಟ್ಟಡದ ಪರವಾನಿಗೆ, ಓಣಿಯ ಹಾದಿ

ಪುರಸಭೆಯ ಕಟ್ಟಡ ಪರವಾನಿಗೆ ಮತ್ತು ನಕ್ಷೆ ಕೇಳಿ, ಮನೆ ಅದರಂತೆಯೇ ಇದೆಯೇ ನೋಡಿ. ಒಂದೇ ಪರವಾನಿಗೆಯಲ್ಲಿ ಎರಡು ಮನೆ ಕಟ್ಟಿ ಬೇರೆಬೇರೆಯಾಗಿ ಮಾರುವುದುಂಟು. ಆಗ ಜಾಗ ಅಧಿಕೃತವಾಗಿ ವಿಭಾಗವಾಗಿ ಎರಡು ಇ-ಖಾತಾ ಆಗಿರಲೇಬೇಕು. ಮೆಟ್ಟಿಲು, ಕಟ್ಟೆ, ಸಂಡಾಸದ ಗುಂಡಿ ಗಟಾರದ ಮೇಲೋ ರಸ್ತೆಯಲ್ಲೋ ಇದ್ದರೆ ಹೊಸ ಗಟಾರ ಕಟ್ಟುವ ದಿನ ಅವು ಹೋಗುತ್ತವೆ. ಬಜಾರು, ದೇವಸ್ಥಾನದ ದಾರಿಯ ಮನೆಗಳಿಗೆ ರಸ್ತೆ ಅಗಲೀಕರಣದ ಗುರುತು ಬಿದ್ದಿದೆಯೇ ಎಂದು ಕೇಳುವುದು ಮರೆಯಬಾರದು. ವಿಜಯಪುರ ನಗರದಲ್ಲಿ ಕೊಳ್ಳುವವರಿಗೆ ಇನ್ನೊಂದು ಎಚ್ಚರ ಬೇಕು: ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅಲ್ಲಿಂದಾಚೆ ಮತ್ತೆ 200 ಮೀಟರಿನವರೆಗೆ ವಿಶೇಷ ಅನುಮತಿ ಬೇಕು.

ವಿದ್ಯುತ್ ಸಂಪರ್ಕ ಕಾಯಂ ಮೀಟರೋ, ಕಟ್ಟುವಾಗ ಪಡೆದ ತಾತ್ಕಾಲಿಕವೋ ಎಂದು ಹೆಸ್ಕಾಂ ಬಿಲ್ಲಿನಲ್ಲಿ ನೋಡಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದ ನಂತರ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಬಿಗಿಯಾಯಿತು. ತಾತ್ಕಾಲಿಕ ಮೀಟರಿನ ಮನೆಯಾದರೆ ಕಾಯಂ ಮಾಡಿಸಿಕೊಡುವ ಹೊಣೆ ಮಾರುವವರದೇ ಆಗಲಿ.

ಓಣಿ ಎಷ್ಟು ಅಗಲ? ಆಂಬುಲೆನ್ಸ್ ಬಾಗಿಲವರೆಗೆ ಬರುತ್ತದೆಯೇ? ಹಾದಿ ಪುರಸಭೆಯದೋ, ಇನ್ನೊಬ್ಬರ ಜಾಗದಲ್ಲಿ ಹಾದು ಬರುವುದೋ? ಇನ್ನೊಬ್ಬರದಾದರೆ ಹಾದಿಯ ಹಕ್ಕು ಪತ್ರದಲ್ಲಿ ಬರೆದಿರಬೇಕು. ವರ್ಷವರ್ಷ ಸಿಸಿ ರಸ್ತೆ ಮೇಲೇರಿ ಹಳೆ ಓಣಿಗಳ ಮನೆಗಳು ತಗ್ಗಾಗುತ್ತಿವೆ, ಹೊಸ್ತಿಲು ರಸ್ತೆಗಿಂತ ಎರಡಡಿಯಾದರೂ ಎತ್ತರವಿರಲಿ. ನಳ ಯಾವ ದಿನ, ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಮಾರುವವರನ್ನಲ್ಲ, ಪಕ್ಕದ ಮನೆಯ ಅಕ್ಕನನ್ನು ಕೇಳಿ.

ಹಣದ ಲೆಕ್ಕ

ಮನೆಯ ಬೆಲೆ 25 ಲಕ್ಷ ಎಂದುಕೊಳ್ಳೋಣ. ಮುದ್ರಾಂಕ ಶುಲ್ಕ ಶೇ 5, ಅಂದರೆ 1,25,000. ಆ ಶುಲ್ಕದ ಮೇಲೆ ಶೇ 10 ಸೆಸ್ 12,500, ಪಟ್ಟಣದಲ್ಲಿ ಶೇ 2 ಸರ್‌ಚಾರ್ಜ್ 2,500. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 50,000. ಒಟ್ಟು 1,90,000 ರೂಪಾಯಿ, ಬೆಲೆಯ ಶೇ 7.6. ಕಡಿಮೆ ಬೆಲೆಗೆ ಶೇ 2, ಶೇ 3 ಮುದ್ರಾಂಕ ಎಂದು ಕೇಳಿ ಬರುವ ರಿಯಾಯಿತಿ ಫ್ಲ್ಯಾಟುಗಳ ಮೊದಲ ಮಾರಾಟಕ್ಕೆ, ಓಣಿಯ ಮನೆಗಲ್ಲ. ಪತ್ರದಲ್ಲಿ ಬರೆದ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ.

ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದು ಕೊಡಿ ಎಂದು ಮಾರುವವರು ಕೇಳುತ್ತಾರೆ. ಒಪ್ಪಬೇಡಿ. ಸ್ಥಿರಾಸ್ತಿಗಾಗಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅದಕ್ಕಿಂತ ಮುಖ್ಯವಾಗಿ, ನಾಳೆ ವ್ಯವಹಾರ ಕೆಟ್ಟು ಹಣ ವಾಪಸ್ ಕೇಳಬೇಕಾದರೆ ಪತ್ರದಲ್ಲಿ ಇಲ್ಲದ ಹಣಕ್ಕೆ ಸಾಕ್ಷಿ ಇರುವುದಿಲ್ಲ. ಬ್ಯಾಂಕ್ ಸಾಲವೂ ಪತ್ರದ ಬೆಲೆಯ ಮೇಲೇ.

30 ಲಕ್ಷದವರೆಗಿನ ಗೃಹಸಾಲಕ್ಕೆ ಬೆಲೆಯ ಶೇ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಆದರೆ ಹಳೆ ಓಣಿಯ ಮನೆಗೆ ಬ್ಯಾಂಕುಗಳು ಅಷ್ಟು ಕೊಡುವುದು ಅಪರೂಪ. ಬ್ಯಾಂಕಿನ ವಕೀಲರು ಪತ್ರ ತಿರಸ್ಕರಿಸಿದರೆ ಬೇಸರಪಡಬೇಡಿ, ಅವರು ನಿಮ್ಮನ್ನು ಉಳಿಸಿದ್ದಾರೆ. ಹೆಚ್ಚು ಬಡ್ಡಿಗೆ ಕೊಡುವ ಸಂಘಕ್ಕೆ ಅದೇ ಪತ್ರ ಹಿಡಿದು ಓಡುವ ಮೊದಲು ತಿರಸ್ಕಾರದ ಕಾರಣ ಬರೆಸಿಕೊಳ್ಳಿ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತದ ಬಡ್ಡಿ ಸಹಾಯಧನವನ್ನೂ ಬ್ಯಾಂಕಿನಲ್ಲಿ ಕೇಳಿ. 2024ರ ಸೆಪ್ಟೆಂಬರ್ 1ರಂದು ಅಥವಾ ನಂತರ ಮಂಜೂರಾದ ಸಾಲಗಳಿಗೆ ಅದು ಅನ್ವಯ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದು, ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರದವರಿಗೆ ಸಾಲದ ಮೊದಲ 8 ಲಕ್ಷಕ್ಕೆ ಶೇ 4 ಬಡ್ಡಿ ಸಹಾಯಧನ ಸಿಗುತ್ತದೆ. ಒಟ್ಟು 1.80 ಲಕ್ಷದವರೆಗೆ, ಐದು ವಾರ್ಷಿಕ ಕಂತುಗಳಲ್ಲಿ. ಹಳ್ಳಿಯಲ್ಲಿ ಪಕ್ಕಾ ಮನೆ ಇರುವವರಿಗೆ ಇದು ಸಲ್ಲದು.

ಸಂಚಕಾರದಿಂದ ಕಬ್ಜಾವರೆಗೆ

ಪತ್ರಗಳ ಪರಿಶೀಲನೆ ಮುಗಿಯುವವರೆಗೆ ದೊಡ್ಡ ಮೊತ್ತ ಕೊಡಬೇಡಿ. "ಮತ್ತೊಬ್ಬರು ಕಾಯಾಕತ್ತಾರ" ಎಂಬ ಅವಸರಕ್ಕೆ ಬಗ್ಗಬೇಡಿ, ಕೈತಪ್ಪಿದರೆ ಇನ್ನೊಂದು ಮನೆ ಸಿಗುತ್ತದೆ. ಸಂಚಕಾರ ಪತ್ರದಲ್ಲಿ ಒಟ್ಟು ಬೆಲೆ, ಕೊಟ್ಟದ್ದು, ಉಳಿದದ್ದು, ಖರೀದಿಯ ಗಡುವು, ಹಕ್ಕುಬಿಡುಗಡೆ ಯಾರು ಯಾವಾಗ ಮಾಡಿಸಬೇಕು, ಬ್ಯಾಂಕ್ ಸಾಲ ತಿರಸ್ಕರಿಸಿದರೆ ಹಣ ವಾಪಸ್ ಎಂಬುದೆಲ್ಲ ಬರೆದಿರಲಿ. ಬಾಂಡ್ ಬರೆಯುವವರು ತಮ್ಮ ಸಿದ್ಧ ನಮೂನೆ ತೆಗೆಯುತ್ತಾರೆ. ನಿಮ್ಮ ಷರತ್ತು ಸೇರಿಸಿ ಎಂದು ಕೂತು ಬರೆಸಿ.

2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಸಿಂದಗಿಯ ಮನೆಯನ್ನು ಇಂಡಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಗೋವಾದಿಂದಲೋ ಮುಂಬೈಯಿಂದಲೋ ಬರುವ ಪಾಲುದಾರರಿಗೆ ಇದರಿಂದ ಅನುಕೂಲ. ನೋಂದಣಿಯ ದಿನ ಬೆಳಿಗ್ಗೆ ಋಣಭಾರ ಪತ್ರವನ್ನು ಇನ್ನೊಮ್ಮೆ ತೆಗೆಸಿ ನೋಡಿ. ಬಾಡಿಗೆಯವರು ಇದ್ದರೆ ಅವರು ಖಾಲಿ ಮಾಡಿದ ಮೇಲೆಯೇ ಕೊನೆಯ ಕಂತು. ಮೂಲ ಪತ್ರಗಳು, ಬೀಗದ ಕೈ, ತೆರಿಗೆ ಮತ್ತು ನೀರಿನ ಬಾಕಿ ಇಲ್ಲದ ರಸೀದಿ ಮೂರೂ ಅದೇ ದಿನ ಕೈಗೆ ಬರಲಿ.

ನೋಂದಣಿಯಾದ ಮೇಲೆ ಪುರಸಭೆಯಲ್ಲಿ ಇ-ಖಾತಾ ನಿಮ್ಮ ಹೆಸರಿಗೆ ಬಂದಿದೆಯೇ ನೋಡಿ. ಸಿಟಿ ಸರ್ವೆ ಇದ್ದರೆ ಪ್ರಾಪರ್ಟಿ ಕಾರ್ಡಿನಲ್ಲೂ ಹೆಸರು ಏರಿಸಿ, ಅದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಹೆಸ್ಕಾಂನಲ್ಲಿ ಆರ್.ಆರ್. ನಂಬರ್ ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನವರ ಗೃಹಜ್ಯೋತಿ ಜೋಡಣೆ ತೆಗೆಸಿ ನಿಮ್ಮದನ್ನು ಜೋಡಿಸಬೇಕು.

ಖರೀದಿ ಪತ್ರ ಬರೆಸುವಾಗ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಹಾಕಿಸಿ ಎಂದು ನಾನು ಒತ್ತಾಯಿಸಿ ಕೇಳುತ್ತೇನೆ. ಅದಕ್ಕಾಗಿ ಮುದ್ರಾಂಕದಲ್ಲಾಗಲಿ ನೋಂದಣಿ ಶುಲ್ಕದಲ್ಲಾಗಲಿ ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ.